ಲೋಕಸೃಷ್ಟಿಯೂ ಆಟದ ನಿಯಮವೂ: ಕೆಯೋಸಿಯಮ್ ಪಂಥದ ವಿಚಾರ

ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಕಲ್ಪಿತ ವ್ಯಕ್ತಿಯ ಪಾತ್ರವನ್ನು ವಹಿಸುವ, ಅವರಲ್ಲೊಬ್ಬನು ಆ ವ್ಯಕ್ತಿಗಳು ಸಂಚರಿಸುವ ಲೋಕವನ್ನೇ ನಡೆಯಿಸುವ, ಫಲವು ಸಂದಿಗ್ಧವಾದೆಡೆಯಲ್ಲೆಲ್ಲ ದಾಳವನ್ನುರುಳಿಸಿ ಮುಂದಿನ ಕಥೆಯನ್ನು ನಿರ್ಣಯಿಸಿಕೊಳ್ಳುವ ರೋಲ್‌ಪ್ಲೇಯಿಂಗ್ ಆಟವು, ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ 1974ರಲ್ಲಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಮೊದಲಾಯಿತು. ಅಂದಿನಿಂದ ಇಂಥ ಆಟಗಳಿಗಾಗಿ ಕಲ್ಪಿತವಾದ ಅದ್ಭುತಲೋಕಗಳಿಗೆ ಲೆಕ್ಕವಿಲ್ಲ. ಅವುಗಳ ಭೂಪಟಗಳೂ ರಾಜವಂಶಾವಳಿಗಳೂ ದೇವತಾಗಣಗಳೂ ಕಪಾಟುಗಳನ್ನು ತುಂಬಿವೆ. ಆದರೆ ಆಟದಲ್ಲಿ ಲೋಕವೊಂದರ ನಿಜವಾದ ನೆಲೆ ಯಾವುದೆಂದು ಕೇಳಿದರೆ, ಆಟಗಾರನು ಏನನ್ನು ಪಡೆಯಲು ಏನನ್ನು ತೆರಬೇಕೆಂದು ವಿಧಿಸುವ ನಿಯಮವೇ ಆ ನೆಲೆಯೆಂದು ನಾನು ಉತ್ತರ ಕೊಡುವೆನು. ಈ ತತ್ತ್ವವನ್ನು ಮಿಕ್ಕವರೆಲ್ಲರಿಗಿಂತ ಆಳವಾಗಿ ಕಂಡುಕೊಂಡು, ಅದರ ಬಲದಿಂದ ಮೇಲೇರಿ, ಅದನ್ನು ಮರೆತೆಡೆಯಲ್ಲಿ ಎಡವಿದ ಕೆಯೋಸಿಯಮ್ ಪಂಥವನ್ನು ಕುರಿತು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ನಿರ್ಮಿಸಿದ ಮೂಲ ಆಟದ ಹಿರಿಮೆಯನ್ನು ಅಲ್ಲಗಳೆಯುವುದು ಯಾರಿಗೂ ಸಾಧ್ಯವಿಲ್ಲ. ಆದರೂ ಅದರ ಲೋಕದ ಸ್ವರೂಪವನ್ನು ತಿಳಿಯಬೇಕಾದರೆ ಅದರ ಪ್ರತಿಫಲದ ನಿಯಮವನ್ನು ನೋಡಬೇಕು. ನೆಲಮಾಳಿಗೆಯಿಂದ ಹೊತ್ತು ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದೊಂದು ಅನುಭವಾಂಕ ಸಲ್ಲುತ್ತಿದ್ದ ಆ ವ್ಯವಸ್ಥೆಯಲ್ಲಿ ಕಳ್ಳನೂ ಮಾಂತ್ರಿಕನೂ ದೇವರ ಸೇವೆಗೆ ಮುಡಿಪಾದ ಪುರೋಹಿತನೂ ಬೆಳೆಯುತ್ತಿದ್ದುದು ಮುಖ್ಯವಾಗಿ ಸಂಪತ್ತಿನಿಂದಲೇ. ಪ್ರಯೋಗಿಸಿದೊಡನೆ ಮಂತ್ರವು ಮಾಂತ್ರಿಕನ ಸ್ಮೃತಿಯಿಂದ ಅಳಿಸಿಹೋಗುವುದೆಂಬ ನಿಯಮವೇನೋ ಒಂದು ಲೋಕದೃಷ್ಟಿಯನ್ನು ಒಳಗೊಂಡಿತ್ತು. ಆದರೆ ಆ ಲೋಕ ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರನದು, ಆಟಗಾರರು ಸಂಚರಿಸುತ್ತಿದ್ದ ಲೋಕವಲ್ಲ.

1980ರಲ್ಲಿ ಇದೇ ಆಟಕ್ಕೆ ಪೂರಕವಾಗಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಗ್ರಂಥದಲ್ಲಿ ಗ್ರೀಕರ ಮತ್ತು ನಾರ್ಸ್ ಜನರ ದೇವತೆಗಳೊಡನೆ ನಮ್ಮ ಇಂದ್ರ, ಅಗ್ನಿ, ವರುಣ, ಯಮರೂ ಕಾಣಿಸಿಕೊಂಡಿದ್ದಾರೆ. ಪ್ರತಿಯೊಬ್ಬರಿಗೂ ಎಷ್ಟು ಪೆಟ್ಟು ತಾಳುವರೆಂಬ ಹಿಟ್ ಪಾಯಿಂಟು ನಿಗದಿಯಾಗಿದೆ, ಕವಚದ ದರ್ಜೆ ನಿಗದಿಯಾಗಿದೆ. ಇದು ದೇವನಿಂದೆಯೆಂದು ಆಕ್ಷೇಪಿಸುವುದು ನನ್ನ ಅಭಿಪ್ರಾಯವಲ್ಲ. ವರುಣನನ್ನು ಕೊಲ್ಲುವುದಕ್ಕೆ ಬೇಕಾದ ಲೆಕ್ಕವನ್ನು ಸೂಕ್ಷ್ಮವಾಗಿ ಕೊಟ್ಟು, ಅವನನ್ನು ಉಪಾಸಿಸುವವನ ಬಾಳು ಹೇಗೆ ಬದಲಾಗುವುದೆಂಬುದಕ್ಕೆ ಅತ್ಯಲ್ಪ ಜಾಗವನ್ನು ಬಿಟ್ಟ ಗ್ರಂಥವು ದೇವತೆಯನ್ನು ಕುರಿತದ್ದು ಹೇಗಾದೀತು ಎಂಬುದೇ ನನ್ನ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವು ಆ ಗ್ರಂಥ ಹುಟ್ಟುವ ಮೊದಲೇ ಸಿದ್ಧವಾಗಿತ್ತು. ಅದೇ ವಿಸ್ಕಾನ್ಸಿನ್ನಿನ ಬೆಲೋಯಿಟ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, 1966ರಲ್ಲಿ, ಗ್ರೆಗ್ ಸ್ಟಾಫರ್ಡ್ ಎಂಬಾತನು ಪುರಾಣಗಳ ವ್ಯಾಸಂಗದಿಂದ ಪ್ರೇರಿತನಾಗಿ ಗ್ಲೊರಾಂಥಾ ಎಂಬ ಲೋಕದ ಕಥೆಗಳನ್ನು ಬರೆಯತೊಡಗಿದ್ದನು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಯೋಸಿಯಮ್ ಸಂಸ್ಥೆಯನ್ನು ಕಟ್ಟಿ ಆ ಲೋಕವನ್ನು ಮೊದಲು ಹಾಸುಪಟದ ಯುದ್ಧದಾಟವಾಗಿ ಪ್ರಕಟಿಸಿದನು. ಬಳಿಕ 1978ರಲ್ಲಿ ಸ್ಟೀವ್ ಪೆರಿನ್, ರೇ ಟರ್ನಿ ಮೊದಲಾದವರು ಆ ಲೋಕಕ್ಕಾಗಿ ‘ರೂನ್‌ಕ್ವೆಸ್ಟ್’ ಎಂಬ ನಿಯಮಾವಳಿಯನ್ನು ರಚಿಸಿದರು. ಪೆರಿನ್ ಮಧ್ಯಯುಗದ ಖಡ್ಗಯುದ್ಧವನ್ನು ಮರುಅಭಿನಯಿಸುವ ಕೂಟದಲ್ಲಿ ಪಳಗಿದವನು. ಆದಕಾರಣ ಇಲ್ಲಿ ಏಟು ಬೀಳುವುದು ದೇಹದ ಏಳು ಭಾಗಗಳಲ್ಲಿ ಇಂಥದಕ್ಕೇ ಎಂದು ನಿರ್ಣಯವಾಗುತ್ತದೆ, ಕವಚವು ಏಟಿನ ತೀವ್ರತೆಯನ್ನು ತಗ್ಗಿಸುತ್ತದೆ, ಹತ್ತು ವರ್ಷ ನುರಿತ ವೀರನೂ ಒಂದು ಕೆಟ್ಟ ಪೆಟ್ಟಿನಿಂದ ಕಾಲು ಕಳೆದುಕೊಳ್ಳಬಹುದು.

ಇದಕ್ಕಿಂತ ಗಮನಾರ್ಹವಾದುದು ಕಲಿಕೆಯ ನಿಯಮ. ಇಲ್ಲಿ ವೃತ್ತಿಭೇದವೆಂಬುದಿಲ್ಲ, ಲೆವೆಲ್ ಎಂಬ ದರ್ಜೆಯೂ ಇಲ್ಲ. ಪ್ರತಿಯೊಂದು ವಿದ್ಯೆಗೂ ನೂರಕ್ಕೆ ಇಷ್ಟೆಂಬ ಅಂಕವಿದೆ. ಒಂದು ವಿದ್ಯೆಯನ್ನು ಸಂಕಟಸಮಯದಲ್ಲಿ ಯಶಸ್ವಿಯಾಗಿ ಬಳಸಿದವನು ಅದರ ಮುಂದೆ ಗುರುತು ಹಾಕಿಕೊಂಡು, ಸಾಹಸವು ಮುಗಿದ ಮೇಲೆ ಪುನಃ ದಾಳವನ್ನುರುಳಿಸುತ್ತಾನೆ. ಬಿದ್ದ ಸಂಖ್ಯೆ ತನ್ನ ಈಗಿನ ಅಂಕಕ್ಕಿಂತ ಹೆಚ್ಚಾಗಿದ್ದರೆ, ಎಂದರೆ ಈ ಸಲ ದಾಳದಲ್ಲಿ ಸೋತರೆ ಮಾತ್ರ ವಿದ್ಯೆ ಐದಂಕ ಬೆಳೆಯುತ್ತದೆ. ಖಡ್ಗವಿದ್ಯೆಯಲ್ಲಿ 30 ಉಳ್ಳವನಿಗೆ ಬೆಳೆಯುವ ಸಂಭವ ನೂರಕ್ಕೆ ಎಪ್ಪತ್ತು, 85 ಉಳ್ಳವನಿಗೆ ನೂರಕ್ಕೆ ಹದಿನೈದು ಮಾತ್ರ. ಬಲ್ಲವನಿಗೆ ತನ್ನ ಸೋಲುಗಳೇ ವಿರಳವಾದುದರಿಂದ ಕಲಿಯುವ ಅವಕಾಶವೂ ವಿರಳವಾಗುವುದೆಂಬ ಗಹನವಾದ ಸತ್ಯವನ್ನು ಇಷ್ಟು ಸರಳವಾದ ಗಣಿತದಲ್ಲಿ ಹಿಡಿದಿಟ್ಟ ಇನ್ನೊಂದು ಆಟವನ್ನು ನಾನರಿಯೆ.

ದೈವದ ವಿಷಯದಲ್ಲಿ ಈ ಪಂಥದ ಪ್ರತಿಭೆ ಪೂರ್ಣವಾಗಿ ಅರಳಿದೆ. ರೂನ್‌ಕ್ವೆಸ್ಟಿನಲ್ಲಿ ದೇವತೆಯ ಮಹಾಮಂತ್ರವು ಬೇಕಾದವನು ತನ್ನ ಆತ್ಮಶಕ್ತಿಯ ಅಂಕದಿಂದಲೇ ಒಂದು ಭಾಗವನ್ನು ಕಳೆದು ಅರ್ಪಿಸಬೇಕು. ಅರ್ಪಿಸಿದಷ್ಟು ಅವನು ಪರಮಂತ್ರಗಳೆದುರು ದುರ್ಬಲನಾಗುತ್ತಾನೆ. ದೀಕ್ಷೆ ಪಡೆದವನು ತನ್ನ ಕಾಲದಲ್ಲಿಯೂ ಗಳಿಕೆಯಲ್ಲಿಯೂ ಹತ್ತನೆಯ ಒಂದು ಪಾಲನ್ನು ದೇವಾಲಯಕ್ಕೆ ಸಲ್ಲಿಸಬೇಕು. ಅರ್ಚಕನಾಗಿ ಮೇಲೇರಿದವನಿಗೆ ಉಳಿಯುವುದೇ ಹತ್ತನೆಯ ಒಂದು ಪಾಲು. ಮೃತ್ಯುದೇವತೆಯಾದ ಹುಮಕ್ತನ ಭಕ್ತನು ಖಡ್ಗದ ವರಗಳನ್ನು ಪಡೆಯುವುದು ಕಠಿನವ್ರತಗಳ ಬೆಲೆಗೆ, ಸತ್ತ ಮೇಲೆ ಅವನಿಗೆ ಪುನರುಜ್ಜೀವನವಿಲ್ಲ. ಆರೋಗ್ಯದೇವಿಯಾದ ಚಲಾನಾ ಅರಾಯ್‌ಯ ಸೇವಕಿಯೋ ಯಾವ ಜೀವಿಯನ್ನೂ ಹಿಂಸಿಸೆನೆಂದು ಪ್ರತಿಜ್ಞೆ ಮಾಡಿ, ಕತ್ತಿ ಝಳಪಿಸುವ ಸಂಗಡಿಗರ ನಡುವೆ ಬರಿಗೈಯಲ್ಲಿ ನಡೆಯುತ್ತಾಳೆ. ಹರಕೆ ಹೊತ್ತು ತೀರಿಸಿದ ಮನೆತನದವರಿಗೆ, ದೈವವೆಂಬುದು ಕೊಡುವುದಕ್ಕೆ ಮೊದಲು ಕೇಳುವ ಶಕ್ತಿಯೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಅದನ್ನು ಆಟದ ನಿಯಮವಾಗಿ, ಆಟಗಾರನ ಕೈಯಲ್ಲಿರುವ ಕಾಗದದಿಂದ ಅಂಕವೊಂದನ್ನು ಅಳಿಸಿಯೇ ಅನುಭವಕ್ಕೆ ತಂದವರು ಇವರು.

ಅದೇ ಸಂಸ್ಥೆಯಿಂದ 1981ರಲ್ಲಿ ಬಂದ, ಸ್ಯಾಂಡಿ ಪೀಟರ್ಸನ್ ರಚಿಸಿದ ‘ಕಾಲ್ ಆಫ್ ಕತೂಲೂ’ದಲ್ಲಿ ಇದೇ ತತ್ತ್ವ ಮತ್ತೊಂದು ಮುಖದಿಂದ ಕಾಣುತ್ತದೆ: ವಿಶ್ವದ ಭಯಾನಕ ರಹಸ್ಯವನ್ನು ಅರಿತಷ್ಟೂ ಮನಸ್ಸಿನ ಸ್ವಾಸ್ಥ್ಯವು ತಲಪಬಹುದಾದ ಪರಮಾವಧಿಯೇ ಕುಗ್ಗುತ್ತ ಹೋಗುವುದು. ಸ್ಟಾಫರ್ಡನೇ 1985ರಲ್ಲಿ ರಚಿಸಿದ ‘ಪೆಂಡ್ರಾಗನ್’ ಇನ್ನೂ ಧೀರವಾದ ಪ್ರಯೋಗ. ಆರ್ಥರ್ ರಾಜನ ಕಥೆಗಳನ್ನು ಅವಲಂಬಿಸಿದ ಅದರಲ್ಲಿ ಶೌರ್ಯ ಮತ್ತು ಭೀರುತೆ, ಕರುಣೆ ಮತ್ತು ಕ್ರೌರ್ಯ ಎಂಬಂಥ ಹದಿಮೂರು ಗುಣಯುಗ್ಮಗಳಿವೆ. ಒಂದೊಂದು ಯುಗ್ಮದ ಮೊತ್ತ 20, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಪರೀಕ್ಷೆಯ ಘಳಿಗೆಯಲ್ಲಿ ದಾಳವು ಒಮ್ಮೊಮ್ಮೆ ಆಟಗಾರನ ಇಚ್ಛೆಗೆ ವಿರುದ್ಧವಾಗಿಯೇ ಪಾತ್ರದ ನಡತೆಯನ್ನು ನಿರ್ಣಯಿಸುತ್ತದೆ. ಇದು ಆಟಗಾರನ ಸ್ವಾತಂತ್ರ್ಯಕ್ಕೆ ಭಂಗವೆಂದು ಆಕ್ಷೇಪಿಸುವವರುಂಟು. ಆದರೆ ಆರ್ಥರನ ವೀರನಾದ ಲ್ಯಾನ್ಸೆಲಾಟನು ತನ್ನ ಒಡೆಯನ ರಾಣಿಯನ್ನು ಪ್ರೀತಿಸಿದುದು ವಿವೇಚನೆಯಿಂದ ಆರಿಸಿಕೊಂಡ ಕಾರ್ಯವೇ? ರಾಗಕ್ಕೆ ವಶರಾದವರ ಕಥೆಯನ್ನು ಆಡುವಾಗ ರಾಗವೂ ತನ್ನ ಹಕ್ಕನ್ನು ಕೇಳುವುದು ನ್ಯಾಯವೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ಇಷ್ಟಾದರೂ ಈ ಪಂಥಕ್ಕೆ ದೋಷಗಳಿಲ್ಲದಿಲ್ಲ, ಅವು ಸಣ್ಣವೂ ಅಲ್ಲ. ಗ್ಲೊರಾಂಥಾದ ಹೃದಯದಲ್ಲಿರುವುದು ವೀರಯಾತ್ರೆ. ಬಿರುಗಾಳಿಯ ದೇವತೆ ಓರ್ಲಾಂತನು ಸೂರ್ಯಚಕ್ರವರ್ತಿಯನ್ನು ಕೊಂದು ಲೋಕವನ್ನು ಕತ್ತಲೆಗೆ ನೂಕಿ, ಅನಂತರ ಪಶ್ಚಾತ್ತಾಪದಿಂದ ಪಾತಾಳಕ್ಕಿಳಿದು ಅವನನ್ನು ಮರಳಿ ತಂದನಷ್ಟೆ. ಮರ್ತ್ಯನು ಆ ಪುರಾಣದೊಳಕ್ಕೆ ತಾನೇ ಪ್ರವೇಶಿಸಿ, ದೇವತೆಯ ಹೆಜ್ಜೆಯಲ್ಲಿ ಹೆಜ್ಜೆಯಿಟ್ಟು, ಅಲ್ಲಿಂದ ತನ್ನ ಜನಕ್ಕೆ ಶಕ್ತಿಯನ್ನು ತರುವುದೇ ವೀರಯಾತ್ರೆ. ಎಪ್ಪತ್ತರ ದಶಕದಲ್ಲಿಯೇ ವಾಗ್ದಾನವಾಗಿದ್ದ ಇದರ ನಿಯಮಗಳು ವರ್ಷಗಟ್ಟಲೆ ಬರಲೇ ಇಲ್ಲ. 2000ದಲ್ಲಿ ‘ಹೀರೋ ವಾರ್ಸ್’, 2003ರಲ್ಲಿ ‘ಹೀರೋಕ್ವೆಸ್ಟ್’ ಬಂದಾಗಲಾದರೋ ಖಡ್ಗವನ್ನೂ ಪ್ರೇಮವನ್ನೂ ಪಾಂಡಿತ್ಯವನ್ನೂ ಒಂದೇ ಬಗೆಯ ಅಂಕದಿಂದ ಅಳೆಯುವ ಸಮಾನಗಣಿತವು ಅವುಗಳ ಆಧಾರವಾಯಿತು. ಎಲ್ಲಕ್ಕೂ ಒಂದೇ ಅಳತೆಯಾದಾಗ ಯಾವುದಕ್ಕೂ ವಿಶಿಷ್ಟವಾದ ಬೆಲೆಯಿಲ್ಲದಾಯಿತು. ಪಂಥದ ಜೀವವಾಗಿದ್ದುದೇ ಅದರ ಶ್ರೇಷ್ಠಾನುಭವದಲ್ಲಿ ಮಾಯವಾಯಿತು.

1984ರಲ್ಲಿ ಆವಲಾನ್ ಹಿಲ್ ಸಂಸ್ಥೆ ಹೊರತಂದ ರೂನ್‌ಕ್ವೆಸ್ಟಿನ ಮೂರನೆಯ ಆವೃತ್ತಿಯೂ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿಕೊಡುತ್ತದೆ. ಅದು ನಿಯಮಗಳನ್ನು ಗ್ಲೊರಾಂಥಾದಿಂದ ಬಿಡಿಸಿ, ಮಾಯೆ ಬೆರೆಸಿದ ಯೂರೋಪಿನಲ್ಲಿ ನೆಲೆಗೊಳಿಸಿತು. ಶತಾಂಶದ ಗಣಿತ ಹಾಗೆಯೇ ಉಳಿಯಿತು, ದೇಹದ ಏಳು ಭಾಗಗಳೂ ಉಳಿದುವು. ಆದರೆ ಅರ್ಪಣೆಯನ್ನು ಕೇಳುವ ದೈವಗಳು ಹಿನ್ನೆಲೆಗೆ ಸರಿದು, ಪುಸ್ತಕವು ಯುದ್ಧಶಾಸ್ತ್ರದ ಕೈಪಿಡಿಯಂತೆ ಶುಷ್ಕವಾಯಿತು.

ಇನ್ನೊಂದು ದೋಷ ಲೋಕವೃತ್ತಾಂತದ ಭಾರ. ದಶಕಗಳುದ್ದಕ್ಕೂ ಬೆಳೆದ ಗ್ಲೊರಾಂಥಾದ ಇತಿಹಾಸ 2014ರಲ್ಲಿ ಎರಡು ಬೃಹತ್ಸಂಪುಟಗಳಾಗಿ ಅಚ್ಚಾಯಿತು. ಹೊಸ ಓದುಗನು ಅದನ್ನು ಕಂಡು ಹಿಂಜರಿದರೆ ತಪ್ಪೆನ್ನಲಾಗದು. ಸ್ಟಾಫರ್ಡನು ತನ್ನ ಲೋಕದ ಸಂಗತಿಗಳನ್ನು ಪದೇ ಪದೇ ತಾನೇ ತಿದ್ದುತ್ತಿದ್ದುದರಿಂದ, ಅವನನ್ನು ನಂಬಿ ತಮ್ಮ ಕಥೆಗಳನ್ನು ಕಟ್ಟಿಕೊಂಡಿದ್ದವರಿಗೆ ತೊಡಕಾದುದೂ ಉಂಟು. ಪುರಾಣಗಳಿಗೆ ಪಾಠಾಂತರ ಸಹಜವಲ್ಲವೇ ಎನ್ನಬಹುದು. ಆದರೆ ಪಾಠಾಂತರಗಳು ಬಳಸುವವರ ಬಾಯಲ್ಲಿ ಹುಟ್ಟಿದರೆ ಸೊಗಸು, ಮೂಲಕರ್ತನ ಕಛೇರಿಯಿಂದ ಇಳಿದರೆ ಆಜ್ಞೆಯಾಗುತ್ತವೆ.

2018ರ ಹೊಸ ಆವೃತ್ತಿಯು ಪೆಂಡ್ರಾಗನ್ನಿನ ರಾಗಗಳನ್ನು ರೂನ್‌ಕ್ವೆಸ್ಟಿಗೆ ತಂದು, ದೈವಶಕ್ತಿಯ ಚಿಹ್ನೆಗಳಾದ ರೂನ್‌ಗಳನ್ನೂ ಪಾತ್ರದ ಸ್ವಭಾವವನ್ನು ಎಳೆಯುವ ಅಂಕಗಳನ್ನಾಗಿ ಮಾಡಿ, ಪಂಥವನ್ನು ಅದರ ಮೂಲಪ್ರಜ್ಞೆಗೆ ಮರಳಿಸಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಟಾಫರ್ಡನು ತೀರಿಕೊಂಡನು. ವೀರಯಾತ್ರೆಯ ಸಂಪೂರ್ಣವಿಧಿ ಆ ಮೂಲಗ್ರಂಥದಲ್ಲಿಯೂ ಇಲ್ಲ.

ಸ್ವಂತ ಲೋಕವೊಂದನ್ನು ಆಟಕ್ಕಾಗಿ ಕಟ್ಟಬಯಸುವ ತರುಣರು ಬೃಹತ್ಸಂಪುಟಗಳನ್ನು ಬದಿಗಿಟ್ಟು 1979ರ ‘ಕಲ್ಟ್ಸ್ ಆಫ್ ಪ್ರ್ಯಾಕ್ಸ್’ ಎಂಬ ತೆಳುವಾದ ಪುಸ್ತಕವನ್ನು ಮೊದಲು ಓದಬೇಕೆಂದು ನನ್ನ ವಿನಂತಿ. ಬಿಟೂರಿಯನ್ ವರೋಶ್ ಎಂಬ ವರ್ತಕನು ಊರೂರು ಅಲೆಯುತ್ತ ಒಂದೊಂದು ಪಂಗಡದ ಭಕ್ತರನ್ನು ಹೊರಗಿನಿಂದ ಕಂಡ ವೃತ್ತಾಂತವೂ, ಅದರ ಪಕ್ಕದಲ್ಲಿಯೇ ಆ ಭಕ್ತನಾಗಲು ತೆರಬೇಕಾದುದೇನೆಂಬ ನಿಯಮವೂ ಅದರಲ್ಲಿ ಜೊತೆಜೊತೆಯಾಗಿ ಸಾಗುತ್ತವೆ. ಈ ಪಂಥವು ಕೊಟ್ಟ ಗ್ರಂಥಗಳಲ್ಲೆಲ್ಲ ಅದೇ ಶ್ರೇಷ್ಠವೆಂಬುದು ನನ್ನ ತೀರ್ಮಾನ.