ಕನ್ನಡಿ ಹಿಡಿದವಳು ಯಾರು?

ತರಗತಿಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅರಸೀಕೆರೆ, ಹಳೇಬೀಡು, ಬೇಲೂರುಗಳನ್ನು ನೋಡಿಬರುವುದು ನನಗೆ ವರ್ಷಕ್ಕೊಮ್ಮೆಯ ಪರಿಪಾಠ. ಈ ಸಲವೂ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣಸುಂದರಿಯ ಮುಂದೆ ನಿಂತು, “ಈಕೆಯೇ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆ” ಎಂದೆ.

“ಹೇಗೆ ಗೊತ್ತು, ಸಾರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

“ಮೈಮೇಲಿನ ಒಡವೆ ನೋಡಮ್ಮ. ರಾಣಿಯಲ್ಲದೆ ಇಷ್ಟು ಒಡವೆ ಯಾರಿಗುಂಟು?”

ಆಕೆ ಮಾತನಾಡದೆ ಇನ್ನೊಬ್ಬ ಮದನಿಕೆಯತ್ತ ಕೈ ತೋರಿದಳು. ವಾದ್ಯ ಬಾರಿಸುವವಳ ಮೈಮೇಲೂ ಅಷ್ಟೇ ಒಡವೆ!

ನಾನು ಸೋತೆ, ಸೋತದ್ದು ಒಳ್ಳೆಯದೇ ಆಯಿತು. ಹೊಯ್ಸಳ ಶಿಲ್ಪದಲ್ಲಿ ಒಡವೆ ಅಂತಸ್ತಿನ ಗುರುತಲ್ಲ. ದೇವಿಗೂ ದ್ವಾರಪಾಲನಿಗೂ ನರ್ತಕಿಗೂ ಅವೇ ಹಾರ, ಡಾಬು, ಕಡಗಗಳು. ಬೇಲೂರಿನ ದೇವಾಲಯ 1117ರದು. ಅರಸೀಕೆರೆಯ ಈಶ್ವರ ದೇವಾಲಯ 1220ರ ಸುಮಾರಿನದು. ನೂರು ವರ್ಷ ಕಳೆದರೂ ಆ ಸಂಪ್ರದಾಯ ಬಿಟ್ಟುಹೋಗಲಿಲ್ಲ. ಅದನ್ನು ಅರಮನೆಯ ಒಡವೆಪೆಟ್ಟಿಗೆಯ ಪಟ್ಟಿಯೆಂದು ಓದಿದುದೇ ನನ್ನ ತಪ್ಪು.

ಹಾಗೆಂದು ಉಡುಗೆ ತೊಡುಗೆ ಏನನ್ನೂ ಹೇಳದೆಂದಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಭೈರವನಿಗೆ ಬಟ್ಟೆಯಿಲ್ಲ, ಕಾಲಿಗೆ ಮಾತ್ರ ಎತ್ತರದ ಪಾದುಕೆ. “ಆ ಕಾಲಕ್ಕೇ ಹೈಹೀಲ್ಡ್ ಚಪ್ಪಲಿ!” ಎಂದು ಬೆರಗಾಗುವವರುಂಟು. ಆದರೆ ಬೆತ್ತಲೆ ಮೈ, ಪಾದುಕೆ, ಕೈಯ ಕಪಾಲ ಇವನ್ನು ಕೂಡಿಸಿ ಓದಿದರೆ, ಬ್ರಹ್ಮನ ತಲೆಬುರುಡೆ ಹಿಡಿದು ಭಿಕ್ಷೆಗೆ ಅಲೆದ ಶಿವನ ಕಥೆ ತಾನೇ ಹೊಳೆಯುತ್ತದೆ. ಇಲ್ಲಿ ತೊಡುಗೆ ಹೇಳುವುದು ಆ ಮೂರ್ತಿ ಯಾರೆಂಬುದನ್ನು. ಆ ಕಾಲದ ಜನ ಏನು ಮೆಟ್ಟುತ್ತಿದ್ದರೆಂಬುದನ್ನಲ್ಲ.

ಶಾಂತಲೆಯ ವಿಷಯಕ್ಕೆ ಬರೋಣ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಕೆಲವದರ ಮೇಲೆ ಬರಹಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರು ಬಿರುದುಗಳನ್ನು ಹೆಮ್ಮೆಯಿಂದ ಕೊರೆದಿದ್ದಾರೆ. ರಾಣಿಯ ಹೆಸರನ್ನು ಕೊರೆದಿಲ್ಲ. ಮೂಡಣ ಬಾಗಿಲ ಪಕ್ಕದ ಜಾಲಂದ್ರದಲ್ಲಿರುವ ರಾಜಸಭೆಯಲ್ಲಿ ವಿಷ್ಣುವರ್ಧನ-ಶಾಂತಲೆಯರನ್ನು ವಿದ್ವಾಂಸರು ಗುರುತಿಸುವುದುಂಟು. ಅಲ್ಲಿ ರಾಜಪರಿವಾರದ ಆಧಾರವಾದರೂ ಇದೆ. ದರ್ಪಣಸುಂದರಿಗೆ ಇರುವ ಆಧಾರ, ಮಾರ್ಗದರ್ಶಿಗಳ ಹಾಗೂ ನನ್ನಂಥ ಮೇಷ್ಟರುಗಳ ಮಾತು ಮಾತ್ರ.

ಬೇಲೂರು ಹಳೇಬೀಡುಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅವನ್ನು ನೋಡಬಂದವರಿಗೆ ನಾವಾಡುವ ಮಾತಿನ ಹೊಣೆಯೂ ಹೆಚ್ಚಿದೆ. ಶಾಂತಲೆಯನ್ನು ಕಾಣಬೇಕೆನ್ನುವವರು ಅದೇ ಪ್ರಾಕಾರದಲ್ಲಿ ನಾಲ್ಕು ಹೆಜ್ಜೆ ನಡೆಯಲಿ. ಆಕೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಅಲ್ಲಿದೆ. ಅದು ಆಕೆಯ ನಿಜವಾದ ಗುರುತು.

ಕನ್ನಡಿ ಹಿಡಿದವಳು ಹೆಸರು ತಿಳಿಯದ ಚೆಲುವೆ. ಮುಂದಿನ ವರ್ಷ ಮಕ್ಕಳಿಗೆ ಹಾಗೆಂದೇ ಹೇಳುತ್ತೇನೆ. ಅದರಿಂದ ಅವಳ ಚೆಲುವಿಗೇನೂ ಕೊರತೆಯಾಗದು.