ಹೊಟ್ಟೆ ತುಂಬಿದ ಮೇಲೆ ತೆವಳುವ ಆಟ

ಸ್ಟ್ಯಾಕ್‌ಲ್ಯಾಂಡ್ಸ್ ಗೇಮಿನ ಮೊದಲ ಅರ್ಧ ಗಂಟೆಯಷ್ಟು ಬಿಗಿಯಾದ ಆರಂಭ ಕಾರ್ಡ್ ಗೇಮುಗಳಲ್ಲಿ ಅಪರೂಪ. ಆ ಬಿಗಿ ಕೊನೆತನಕ ಉಳಿಯುವುದಿಲ್ಲ ಎಂಬುದೇ ನನ್ನ ತಕರಾರು.

ನೆದರ್ಲೆಂಡ್ಸ್‌ನ ಸೋಕ್‌ಪಾಪ್ ಎಂಬ ಪುಟ್ಟ ತಂಡ 2022ರ ಏಪ್ರಿಲ್‌ನಲ್ಲಿ ಇದನ್ನು ಸ್ಟೀಮ್‌ಗೆ ತಂದಿತು. ಖಾಲಿ ಬಯಲಿನ ಮೇಲೆ ಒಂದು ಪ್ಯಾಕ್ ಇರುತ್ತದೆ. ಒಡೆದರೆ ಒಬ್ಬ ಹಳ್ಳಿಗ, ಒಂದು ಬೆರ್ರಿ ಪೊದೆ, ಇನ್ನೊಂದಿಷ್ಟು ಕಾರ್ಡು. ಹಳ್ಳಿಗನನ್ನು ಎಳೆದು ಪೊದೆಯ ಮೇಲೆ ಇಟ್ಟರೆ ಸಣ್ಣ ಪಟ್ಟಿಯೊಂದು ತುಂಬುತ್ತ ಹೋಗುತ್ತದೆ, ತುಂಬಿದೊಡನೆ ಒಂದು ಬೆರ್ರಿ ಹೊರಕ್ಕೆ ಹಾರುತ್ತದೆ. ಇತ್ತ ಗೇಮಿನ ಗಡಿಯಾರದಲ್ಲಿ ಒಂದು ತಿಂಗಳೂ ಓಡುತ್ತಿರುತ್ತದೆ. ಅದು ಮುಗಿದ ಗಳಿಗೆ ಎಲ್ಲ ಕೆಲಸ ನಿಂತು ಪ್ರತಿಯೊಬ್ಬ ಹಳ್ಳಿಗನೂ ಎರಡು ಪಾಲು ಊಟ ಕೇಳುತ್ತಾನೆ. ಇಲ್ಲದಿದ್ದರೆ ಸಾಯುತ್ತಾನೆ. ಒಂದು ಬೆರ್ರಿ ಎಂದರೆ ಒಂದೇ ಪಾಲು. ಇಷ್ಟೇ ಲೆಕ್ಕ, ಆದರೆ ಮೈಯೆಲ್ಲ ಕಣ್ಣಾಗಿ ಆಡಬೇಕು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಮಗುವಿನ ಲೆಕ್ಕಾಚಾರ. ಮನೆಯ ಕಾರ್ಡಿನ ಮೇಲೆ ಇಬ್ಬರು ಹಳ್ಳಿಗರನ್ನು ಇಟ್ಟರೆ ಮಗು ಹುಟ್ಟುತ್ತದೆ. ಅದು ದೊಡ್ಡದಾಗುವ ತನಕ ದುಡಿಯುವುದಿಲ್ಲ, ಆದರೆ ಉಣ್ಣುತ್ತದೆ. ಜೊತೆಗೆ, ಆ ಇಬ್ಬರು ಮನೆಯೊಳಗಿದ್ದಷ್ಟು ಹೊತ್ತು ಅವರ ಬೇರೆ ಕೆಲಸ ನಿಂತಿರುತ್ತದೆ. ಈ ತಿಂಗಳೇ ಮಗು ಬೇಕೆ, ಮುಂದಿನ ತಿಂಗಳು ನೋಡೋಣವೆ? ಗಡಿಯಾರ ಓಡುತ್ತಿರುವುದರಿಂದಲೇ ಈ ಪ್ರಶ್ನೆಗೆ ತೂಕ ಬಂದಿದೆ. ಗೇಮಿನ ಗತಿ ಎಂದರೆ ನನ್ನ ಮಟ್ಟಿಗೆ ಇದು: ಸಮಯ ಕಳೆಯುವುದು ಒಂದು ನಿರ್ಧಾರಕ್ಕೆ ಬೆಲೆ ಕಟ್ಟಬೇಕು.

ಆಮೇಲೆ ಹೊಲ ಬರುತ್ತದೆ, ಒಲೆ ಬರುತ್ತದೆ. ಊಟದ ಚಿಂತೆ ತೀರುತ್ತದೆ. ಗಡಿಯಾರ ಮಾತ್ರ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ಉತ್ತರ ಗೊತ್ತಾದ ಮೇಲೂ ತಿಂಗಳ ಕೊನೆಗೆ ಆಟ ನಿಲ್ಲಿಸಿ ಊಟ ಬಡಿಸಲೇಬೇಕು, ಮಿತಿ ಮೀರಿದ ಕಾರ್ಡುಗಳನ್ನು ಮಾರಲೇಬೇಕು. ಕಾರ್ಡಿನ ಮಿತಿ ಮೊದಮೊದಲು ಒಳ್ಳೆಯ ಬಿಗಿ ಕೊಡುತ್ತದೆ, ಯಾವುದನ್ನು ಬಿಡಲಿ ಎಂದು ಯೋಚಿಸುವಂತೆ ಮಾಡುತ್ತದೆ. ಉಗ್ರಾಣಗಳನ್ನು ಕಟ್ಟಿ ಮಿತಿ ಏರಿಸಿಕೊಂಡ ಮೇಲೆ ಬಯಲೆಲ್ಲ ಸಂತೆ ಮುಗಿದ ಮೈದಾನದಂತಾಗುತ್ತದೆ. ಕಲ್ಲು ಎಲ್ಲಿ, ಮರದ ತುಂಡು ಎಲ್ಲಿ ಎಂದು ಹುಡುಕುವುದೇ ಕೆಲಸ. ಯೋಚಿಸುತ್ತಿದ್ದ ತಲೆಗೆ ಬಿಡುವು ಸಿಕ್ಕಿ, ದುಡಿಯುವುದೆಲ್ಲ ಮೌಸ್ ಹಿಡಿದ ಕೈ ಆಗುತ್ತದೆ. ಆಟ ನಿಲ್ಲಿಸಿಟ್ಟು ಕಾರ್ಡು ಜೋಡಿಸಬಹುದು, ನಿಜ. ಆದರೆ ಹೆಜ್ಜೆಹೆಜ್ಜೆಗೂ ನಿಲ್ಲಿಸಿ ಆಡಬೇಕಾದರೆ ಓಡುವ ಗಡಿಯಾರ ಯಾಕೆ ಬೇಕು?

ತಿಂಗಳ ಉದ್ದವನ್ನು ಆಟಗಾರರೇ ಆರಿಸಿಕೊಳ್ಳಬಹುದು. ಮಾಮೂಲಿ ತಿಂಗಳು 120 ಸೆಕೆಂಡು. ತೊಡಕು ಅಲ್ಲೇ ಇದೆ. ತಿಂಗಳು ಉದ್ದವಾದರೆ ದುಡಿಮೆ ಹೆಚ್ಚುತ್ತದೆ, ಊಟ ಮಾತ್ರ ಅಷ್ಟೇ. ಅಂದರೆ ನಿಧಾನವಾಗಿ ಯೋಚಿಸಿ ಆಡಬೇಕೆನ್ನುವವರಿಗೆ ಆಟ ಸಲೀಸಾಗಿಬಿಡುತ್ತದೆ, ಸವಾಲು ಬೇಕೆನ್ನುವವರು ಕೈ ಬೀಸಿ ಓಡಬೇಕಾಗುತ್ತದೆ. ನೆಮ್ಮದಿಯೂ ಬೇಕು, ಕಷ್ಟವೂ ಬೇಕು ಎನ್ನುವ ನನ್ನಂಥವರಿಗೆ ಜಾಗವಿಲ್ಲ. ಗತಿ ಮತ್ತು ಕಷ್ಟ ಎರಡನ್ನೂ ಒಂದೇ ತಿರುಗಣೆಗೆ ಕಟ್ಟಬಾರದಿತ್ತು.

ಇದಕ್ಕೆ ಪರಿಹಾರದ ಒಂದು ಸುಳಿವು 2018ರ ಕಲ್ಟಿಸ್ಟ್ ಸಿಮ್ಯುಲೇಟರ್‌ನಲ್ಲಿದೆ. ಅಲೆಕ್ಸಿಸ್ ಕೆನಡಿ ಮತ್ತು ಲಾಟಿ ಬೆವನ್ ಅವರ ವೆದರ್ ಫ್ಯಾಕ್ಟರಿಯ ಗೇಮ್ ಅದು. ಅಲ್ಲಿಯೂ ಕಾಲ ನಿಮಿಷಕ್ಕೊಮ್ಮೆ ಕೈಯಲ್ಲಿರುವ ಹಣದ ಒಂದು ಕಾರ್ಡನ್ನು ನುಂಗುತ್ತದೆ. ಆದರೆ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಕಾಟ ಬರಬಹುದು: ಒಮ್ಮೆ ಹತಾಶೆ, ಒಮ್ಮೆ ಭ್ರಮೆ, ಒಮ್ಮೆ ಪತ್ತೇದಾರರ ಸಂಶಯ. ಹಣ ಕೂಡಿಟ್ಟವರೂ ನಿಶ್ಚಿಂತೆಯಿಂದ ಇರಲಾಗದು. ಅದಕ್ಕೂ ಅದರದೇ ದೋಷವಿದೆ. ನಡುಭಾಗದಲ್ಲಿ ದುಡ್ಡಿಗಾಗಿ ಅದೇ ಕೆಲಸವನ್ನು ಎಷ್ಟೋ ಸಲ ಮಾಡುತ್ತ ಕೂರಬೇಕು, ಸೋತರೆ ಮತ್ತೆ ಮೊದಲಿನಿಂದ. ಆದರೂ ಗಡಿಯಾರದ ಪ್ರಶ್ನೆ ಬದಲಾಗುತ್ತಿರಬೇಕು ಎಂಬ ಗುಟ್ಟನ್ನು ಅದು ಹಿಡಿದಿದೆ. ಸ್ಟ್ಯಾಕ್‌ಲ್ಯಾಂಡ್ಸ್‌ನಲ್ಲಿ ಆಗೊಮ್ಮೆ ಈಗೊಮ್ಮೆ ವಿಚಿತ್ರ ದ್ವಾರವೊಂದು ತೆರೆದು ಶತ್ರುಗಳು ನುಗ್ಗುತ್ತಾರೆ. ಆಗ ಆಟಕ್ಕೆ ಮತ್ತೆ ಜೀವ ಬರುತ್ತದೆ. ಹೊಲ ಎದ್ದ ಮೇಲೆ ಇಂಥವು ಇನ್ನಷ್ಟು ಬೇಕಿದ್ದವು.

ಹಾಗೆಂದು ಕೈಬಿಡುವ ಗೇಮ್ ಇದಲ್ಲ. ಹೊಸದಾಗಿ ಆಡುವವರು ಮಾಮೂಲಿ ತಿಂಗಳನ್ನೇ ಇಟ್ಟುಕೊಳ್ಳಿ, ಉದ್ದದ ತಿಂಗಳಿಗೆ ಹೋಗಬೇಡಿ. ಕಾರ್ಡುಗಳನ್ನು ಆರಂಭದಿಂದಲೇ ಒಂದೊಂದು ಮೂಲೆಗೆ ವಿಂಗಡಿಸಿಡಿ, ಹೆಚ್ಚಿನದನ್ನು ತಿಂಗಳ ಕೊನೆಗೆ ಕಾಯದೆ ಮಾರಿಬಿಡಿ. ಬಯಲಿನ ಆಟದ ಕೊನೆಗೆ ದೇಗುಲ ಕಟ್ಟಿ, ರಾಕ್ಷಸನನ್ನು ಕರೆದು ಸೋಲಿಸಿದಿರೋ, ಅಲ್ಲಿಗೇ ನಿಲ್ಲಿಸಿ. ಅದರಾಚೆಯ ದ್ವೀಪದ ಅಧ್ಯಾಯಕ್ಕೆ ಕೆಲವು ವಾರ ಬಿಟ್ಟು ಹೋದರೂ ನಷ್ಟವಿಲ್ಲ.