ಹೆಣ ಎದ್ದು ಬಂದರೆ ಏನು ಮಾಡುವಿರಿ?

ಸರಕಾರಿ ಸುತ್ತೋಲೆಯನ್ನು ಯಾರಾದರೂ ಖುಷಿಯಿಂದ ಓದಿದ್ದುಂಟೇ? ಸುತ್ತೋಲೆಗಳ ನಡುವೆಯೇ ಹೊಟ್ಟೆ ಹೊರೆಯುತ್ತಿರುವ ನಾನು ಇಲ್ಲವೆಂದೇ ತಿಳಿದಿದ್ದೆ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರದವರು ಈ ಮಾತನ್ನು ಸುಳ್ಳು ಮಾಡಿದರು. 2011ರ ಮೇ ತಿಂಗಳಲ್ಲಿ ಅವರು ಪ್ರಕಟಿಸಿದ ಲೇಖನವೊಂದರ ವಿಷಯ: ಸತ್ತೂ ಓಡಾಡುವ 'ಜೋಂಬಿ' ಹೆಣಗಳು ಊರಿಗೆ ನುಗ್ಗಿದರೆ ಮನೆಯಲ್ಲಿ ಏನೇನು ಸಿದ್ಧವಿರಬೇಕು? ಓದಲು ಮುಗಿಬಿದ್ದವರ ನೂಕುನುಗ್ಗಲಿಗೆ ಅಂತರಜಾಲದ ಆ ಪುಟವೇ ಕುಸಿಯಿತಂತೆ. ಅದೇ ವರ್ಷ ಈ ಕಲ್ಪನೆ ಒಂದು ಚಿತ್ರಕತೆಯ ಪುಸ್ತಕವೂ ಆಯಿತು.

ಯುಕ್ತಿ ಜಾಣತನದ್ದೇ. ಚಂಡಮಾರುತವೆಂದರೆ ಆಕಳಿಸುವ ಹುಡುಗ ಹೆಣವೆಂದರೆ ಕಿವಿ ನಿಮಿರಿಸುತ್ತಾನೆ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು. ಕೆಡದ ಆಹಾರ, ಔಷಧಿ, ಬ್ಯಾಟರಿ ರೇಡಿಯೋ, ಮುಖ್ಯ ಕಾಗದಪತ್ರಗಳು. ಹೆಣಕ್ಕೆ ಸಿದ್ಧನಾದವನು ನೆರೆಗೂ ಭೂಕಂಪಕ್ಕೂ ಸಿದ್ಧನಾದಂತೆಯೇ ಎಂಬುದು ಅವರ ವಾದ. ಒಪ್ಪತಕ್ಕ ಮಾತು.

ಆದರೆ ಚಿತ್ರಕತೆಯನ್ನು ಓದಿ ಮುಗಿಸಿದಾಗ ನನಗೆ ತೃಪ್ತಿಯಾಗಲಿಲ್ಲ. ಟಾಡ್, ಜೂಲಿ ಮತ್ತು ಅವರ ನಾಯಿ ಮ್ಯಾಕ್ಸ್ ಜೊತೆಯಾಗಿಯೇ ಇರುತ್ತಾರೆ. ರೇಡಿಯೋ ಹೇಳಿದಂತೆ ಬಾಗಿಲು ಹಾಕುತ್ತಾರೆ, ಸಾಮಾನು ಕೂಡಿಸುತ್ತಾರೆ, ಹೇಳಿದಾಗ ಹೊರಡುತ್ತಾರೆ. ಕೊನೆಗೆ ಎಲ್ಲವೂ ಕನಸೆಂದು ತಿಳಿದು, ಓದುಗನ ಕೈಗೆ ಒಂದು ಪಟ್ಟಿ ಬರುತ್ತದೆ. ಹೆಣಗಳು ಬಾಗಿಲು ಬಡಿದರೂ ಕತೆ ಓದುಗನನ್ನು ಎಲ್ಲಿಯೂ 'ನೀನಾಗಿದ್ದರೆ?' ಎಂದು ಕೇಳುವುದಿಲ್ಲ. ಆಪತ್ತು ಕೇಳುವುದಾದರೋ ಅದೊಂದನ್ನೇ.

ಇದು ನನ್ನ ಪುಸ್ತಕಜ್ಞಾನವಲ್ಲ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ವಾಚಕರು ಮರೆತಿರಲಾರರು. ನಾನಾಗ ಕೆಲಸಕ್ಕೆ ಸೇರಿದ ಹೊಸತು. ಗಾಡಿಗಳು ನಿಂತವು, ಚರ್ಚ್‌ಗೇಟಿನ ಕಚೇರಿಯಲ್ಲೇ ರಾತ್ರಿ ಕಳೆದೆ. ಕುರ್ಲಾದಲ್ಲಿ ನಮ್ಮ ಮನೆ ಚಾಳಿನ ಎರಡನೇ ಮಾಳಿಗೆಯಲ್ಲಿ. ಅಮೆರಿಕದವರ ಪಟ್ಟಿಯ ಪ್ರಕಾರ ನೋಡಿದರೆ ನಾವು ಸರ್ವಸನ್ನದ್ಧರು: ತುಂಬಿದ ಹಂಡೆ, ಡಬ್ಬಿ ತುಂಬ ಅವಲಕ್ಕಿ, ಮೇಣದ ಬತ್ತಿ, ಅಪ್ಪನ ರಕ್ತದೊತ್ತಡದ ಮಾತ್ರೆ. ಆದರೆ ಸಂಜೆ ಏಳಾದರೂ ಮಗ ಬರಲಿಲ್ಲವೆಂದು ಅಪ್ಪ ಕೊಡೆ ಹಿಡಿದು ಸ್ಟೇಷನ್ನಿಗೆ ಹೊರಟೇಬಿಟ್ಟರು! ನೀರು ಎದೆಮಟ್ಟಕ್ಕೇರಿದಾಗ ಪರಿಚಯವಿಲ್ಲದ ಮರಾಠಿ ಕುಟುಂಬವೊಂದು ಅವರನ್ನು ಮೇಲಕ್ಕೆಳೆದುಕೊಂಡಿತು. ಮರುದಿನ ಹಳಿಗುಂಟ ನಡೆದು ನಾನು ಮನೆ ಸೇರಿದರೆ, ಅಮ್ಮ ಬಾಗಿಲಲ್ಲೇ ಕುಸಿದು ಕೂತಿದ್ದರು. ಅಪ್ಪ ಬಂದದ್ದು ಮಧ್ಯಾಹ್ನ. "ನೀನು ಹೊರಟಿರ್ತೀಯ ಅಂದ್ಕೊಂಡೆ ಕಣೋ" ಎಂದರು. ನಾನು ಹೊರಡುವುದಿಲ್ಲವೆಂಬ ಮಾತು ನಮ್ಮಲ್ಲಿ ಒಮ್ಮೆಯೂ ಆಗಿರಲಿಲ್ಲ. ಕೊರತೆಯಾದದ್ದು ಸಾಮಾನಿನದಲ್ಲ, ಒಪ್ಪಂದದ್ದು.

ಈ ಕೊರತೆಯನ್ನು ತುಂಬಬಲ್ಲ ಆಟ ಜಪಾನಿನಲ್ಲಿದೆ. 1995ರ ಜನವರಿ 17ರ ಭೂಕಂಪದಲ್ಲಿ ಕೋಬೆ ಪಟ್ಟಣದ ನೌಕರರು ಪಟ್ಟ ಪಾಡನ್ನು ಕೇಳಿ ತಿಳಿದು 2004ರಲ್ಲಿ ರಚಿಸಿದ ಈ ಆಟದ ಹೆಸರು 'ಕ್ರಾಸ್‌ರೋಡ್', ಅಂದರೆ ಕವಲುದಾರಿ. ಶಿಬಿರದಲ್ಲಿ ಮೂರು ಸಾವಿರ ಜನ, ಕೈಯಲ್ಲಿ ಎರಡು ಸಾವಿರ ಊಟ, ಹಂಚಬೇಕೋ ಬೇಡವೋ? ಪ್ರತಿಯೊಬ್ಬನೂ 'ಹೌದು' ಅಥವಾ 'ಇಲ್ಲ' ಚೀಟಿ ಇಟ್ಟು ಒಟ್ಟಿಗೆ ತಿರುಗಿಸಬೇಕು. ಹೆಚ್ಚು ಮಂದಿಯ ಪಕ್ಷಕ್ಕೆ ನೀಲಿ ಪುಟ್ಟ ಮೆತ್ತೆಯ ಬಹುಮಾನ. ಆದರೆ ಒಬ್ಬನೇ ಒಬ್ಬ ಬೇರೆ ಉತ್ತರ ಕೊಟ್ಟರೆ ಚಿನ್ನದ ಮೆತ್ತೆ ಅವನಿಗೇ! ಆಮೇಲೆ ಏಕೆ ಹಾಗೆಂದೆ ಎಂಬ ಚರ್ಚೆ. ಒಂಟಿ ದನಿಯನ್ನೂ ಕೇಳಿಸಿಕೊಳ್ಳುವ ಈ ನಿಯಮ ನನಗೆ ಬಹಳ ಮೆಚ್ಚಿಗೆಯಾಯಿತು. ಹೌದು–ಇಲ್ಲಗಳ ನಡುವೆ ಮೂರನೆಯ ದಾರಿಗೆ ಎಡೆಯಿಲ್ಲವೆಂಬುದು ಇದರ ದೋಷ. ಚರ್ಚೆ ಚೆನ್ನಾಗಿ ನಡೆದರೆ ಆ ದೋಷವೂ ನೀಗುತ್ತದೆ.

ಅಮೆರಿಕದ ಲೇಖನಕ್ಕೆ ಅನ್ಯಾಯ ಮಾಡಬಾರದು. ಮನೆಮಂದಿ ಕೂಡುವ ಜಾಗ ಮೊದಲೇ ಗೊತ್ತುಮಾಡಿ, ಹೊರರಾಜ್ಯದಲ್ಲಿರುವ ಒಬ್ಬರಿಗೆ ಕ್ಷೇಮ ತಿಳಿಸಿ ಎಂದು ಅದರಲ್ಲಿ ಹೇಳಿದೆ. ಪರನಾಡಿನ ಕನ್ನಡಿಗರಾದ ನಮಗೆ ಆ 'ಒಬ್ಬರು' ಊರಿನಲ್ಲಿ ಇದ್ದೇ ಇರುತ್ತಾರಲ್ಲ! ಅಪ್ಪನಿಗೆ ಆಶ್ರಯ ಕೊಟ್ಟ ಮನೆಯ ಫೋನು ನಡೆಯುತ್ತಿತ್ತು. ಕುಂದಾಪುರದ ಮಾವನ ನಂಬರು ಅವರಿಗೆ ಬಾಯಿಪಾಠ. ನನ್ನ ಕಚೇರಿಯ ಫೋನೂ ನಡೆಯುತ್ತಿತ್ತು. ಆದರೆ ಮಾವನಿಗೆ ಹೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಸಲಹೆಯನ್ನು ಓದಿದರೆ ಸಾಲದು, ಒಮ್ಮೆ ಆಡಿ ನೋಡಿರಬೇಕು. ಇಷ್ಟು ಒಳ್ಳೆಯ ಸಲಹೆಯನ್ನು ಚಿತ್ರಕತೆ ಪರೀಕ್ಷೆಗೇ ಒಡ್ಡಲಿಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ.

ನಮ್ಮ ಸಂಘದ ಮುಂದಿನ ಕುಟುಂಬ ಸಮ್ಮೇಳನದಲ್ಲಿ ಅಂತ್ಯಾಕ್ಷರಿಯ ಅರ್ಧ ಗಂಟೆಯನ್ನು ಈ ಆಟಕ್ಕೆ ಬಿಟ್ಟುಕೊಡಬಾರದೇ? ಹೆಣವೋ ನೆರೆಯೋ, ಮಕ್ಕಳೇ ಆರಿಸಲಿ. ಮೊದಲ ಪ್ರಶ್ನೆ ನನ್ನದು: ಮಳೆ ನಿಂತಿಲ್ಲ, ಫೋನು ಸತ್ತಿದೆ, ಮಗ ಬಂದಿಲ್ಲ, ಅಪ್ಪ ಹುಡುಕಲು ಹೊರಡಬೇಕೋ ಬೇಡವೋ? ಉತ್ತರ ಯಾವುದೇ ಇರಲಿ, ಅಪ್ಪ–ಮಗ ಇಬ್ಬರೂ ಅದನ್ನು ಒಟ್ಟಿಗೆ ಕೂತು ಕೇಳಿರಬೇಕು, ಅಷ್ಟೆ.